ಗುಜರಿಗೆ ಹಾಕುವ ಮುನ್ನ
(ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಮೇಜಿನ ಮೇಲಿರುವ ಈ ಟೇಪ್ ರೆಕಾರ್ಡರನ್ನು ಕಂಡು ಹಿರಿಯರು ನಗುತ್ತಿದ್ದೀರಿ. ಗುಜರಿ ಅಂಗಡಿಯಲ್ಲಿ ಒಡೆದ ಮಿಕ್ಸರು, ಸೈಕಲ್ ರಿಮ್ಮುಗಳ ನಡುವೆ ಸಿಕ್ಕಿದ್ದು. ಅಂಗಡಿಯವರು ಪ್ಲಾಸ್ಟಿಕ್ಕಿನ ತೂಕದ ಲೆಕ್ಕದಲ್ಲಿ ಕೊಟ್ಟರು. ಒಳಗೊಂದು ಕ್ಯಾಸೆಟ್ ಉಳಿದಿತ್ತು. ಬೆಲ್ಟ್ ಬದಲಿಸಿ ಹಾಕಿದಾಗ ಒಬ್ಬ ಅಜ್ಜಿ ತೊಟ್ಟಿಲ ಹಾಡು ಹೇಳುತ್ತಿದ್ದರು. ನಡುವೆ ಕೆಮ್ಮು, ಹಿಂದೆ ಪಾತ್ರೆಗಳ ಸದ್ದು, ಯಾರೋ "ಇನ್ನೊಂದು ಹೇಳಬೇ" ಅನ್ನುವುದು. ಕ್ಯಾಸೆಟ್ಟಿನ ಮೇಲೆ ಹೆಸರಿಲ್ಲ, ಊರಿಲ್ಲ. ಅಂಗಡಿಯವರಿಗೂ ಅದು ಯಾವ ಮನೆಯಿಂದ ಬಂತೆಂದು ನೆನಪಿಲ್ಲ.

ಫಿಲಿಪ್ಸ್ ಕಂಪನಿ ಈ ಕ್ಯಾಸೆಟ್ಟನ್ನು 1963ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ತೋರಿಸಿತು. ಲೂ ಓಟೆನ್ಸ್ ಎಂಬ ಎಂಜಿನಿಯರು ಮತ್ತು ಅವರ ತಂಡದ ಕೆಲಸವದು. 1979ರಲ್ಲಿ ಸೋನಿಯ ವಾಕ್‌ಮನ್ ಬಂತು. ಹಳೆಯ ವಾಕ್‌ಮನ್ ಸಿಕ್ಕರೆ ಇವತ್ತು ಜನ ಕಣ್ಣಿಗೊತ್ತಿಕೊಳ್ಳುತ್ತಾರೆ. ನನಗೆ ಅದರ ಮೇಲೆ ಅಷ್ಟು ಮೋಹವಿಲ್ಲ. ಆ ಮೊದಲ ವಾಕ್‌ಮನ್ ಕೇಳಿಸುತ್ತಿತ್ತು, ದಾಖಲಿಸುತ್ತಿರಲಿಲ್ಲ. ನಮ್ಮ ಮನೆಗಳ ಟೇಪ್ ರೆಕಾರ್ಡರಿಗೆ ಒಂದು ಕೆಂಪು ಗುಂಡಿ ಇತ್ತಲ್ಲ, ದೊಡ್ಡ ಸಂಗತಿ ಅದೇ.

ಅದಕ್ಕೆ ಮೊದಲು ಯಾರ ದನಿ ಉಳಿಯಬೇಕೆಂದು ತೀರ್ಮಾನಿಸುತ್ತಿದ್ದುದು ಗ್ರಾಮಫೋನ್ ಕಂಪನಿ ಮತ್ತು ಆಕಾಶವಾಣಿ. ಮಲ್ಲಿಕಾರ್ಜುನ ಮನ್ಸೂರರ, ಬಸವರಾಜ ರಾಜಗುರುಗಳ ವಚನ ಗಾಯನ ಉಳಿಯಿತು, ನಮ್ಮ ಪುಣ್ಯ. ಆದರೆ ಬೀಸುವ ಕಲ್ಲಿನ ಮುಂದೆ ಕೂತ ತಾಯಿಯನ್ನು ಸ್ಟುಡಿಯೋಗೆ ಕರೆದವರು ಎಷ್ಟು ಮಂದಿ? ಕ್ಯಾಸೆಟ್ ಬಂದ ಮೇಲೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಕಾಯಕದ ನಡುವೆ ಹುಟ್ಟಿದ ಮಾತಿಗೆ ಬೆಲೆ ಕೊಡುವ ನಾವು ಇದನ್ನು ಸಣ್ಣದೆಂದು ತಿಳಿಯಬಾರದು.

ಶ್ರಾವಣದ ಪ್ರವಚನಕ್ಕೆ ಮೈಕಿನ ಹತ್ತಿರ ಟೇಪ್ ರೆಕಾರ್ಡರ್ ಇಟ್ಟು ಕಾದು ಕೂತವರು ಈ ಸಭೆಯಲ್ಲೇ ಇದ್ದೀರಿ. 30 ನಿಮಿಷಕ್ಕೆ ಟಪ್ ಎಂದು ನಿಂತಾಗ ಅವಸರದಲ್ಲಿ ಮಗುಚಿ ಹಾಕುತ್ತಿದ್ದಿರಿ. ಆ ಕ್ಯಾಸೆಟ್ಟುಗಳು ಈಗ ಮಠದ ಕಪಾಟಿನಲ್ಲಿ, ಮನೆಯ ಅಟ್ಟದ ಮೇಲೆ ಇವೆ. ಪೆನ್ಸಿಲ್ ತೂರಿಸಿ ಸುತ್ತಿದ ನೆನಪನ್ನು ಎಲ್ಲರೂ ಹೇಳುತ್ತಾರೆ. ಚೆಂದದ ನೆನಪೇ. ಆದರೆ ಆ ಕಂದು ಪಟ್ಟಿ ಪ್ಲಾಸ್ಟಿಕ್ಕಿಗೆ ಅಂಟಿಸಿದ ಕಬ್ಬಿಣದ ಆಕ್ಸೈಡಿನ ಪುಡಿ. ಸೆಕೆಗೆ, ತೇವಕ್ಕೆ ಅದು ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ. ಅತ್ತ ಯಂತ್ರದ ರಬ್ಬರ್ ಬೆಲ್ಟೂ ಸಡಿಲಾಗಿ, ಕೆಲವೊಮ್ಮೆ ಕರಗಿ ಅಂಟಾಗುತ್ತದೆ. ಕ್ಯಾಸೆಟ್ ಇದ್ದು ಯಂತ್ರ ಇಲ್ಲದಿದ್ದರೆ ಆ ದನಿಯೂ ಇಲ್ಲ. ಆದ್ದರಿಂದ ನನ್ನ ಬಿನ್ನಹ ಇಷ್ಟೇ: ಕ್ಯಾಸೆಟ್ಟಿನಲ್ಲಿರುವುದನ್ನು ಇಳಿಸಿಕೊಳ್ಳುವವರೆಗೆ ಟೇಪ್ ರೆಕಾರ್ಡರನ್ನು ಗುಜರಿಗೆ ಹಾಕಬೇಡಿ. ಹೋಟೆಲ್ಲಿನವರು ಅಲಂಕಾರಕ್ಕೆ ಕೇಳಿದರೂ ಕೊಡಬೇಡಿ!

ಕ್ಯಾಸೆಟ್ ಸಿಕ್ಕ ಕೂಡಲೇ ಹಾಕಿ ಕೇಳಲು ಹೋಗಬೇಡಿ. ಮೊದಲು ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಮೇಲೆ ಬೆಳ್ಳಗೆ ಕಂಡರೆ ಬೂಷ್ಟು, ಅದನ್ನು ಬಲ್ಲವರಿಗೇ ಬಿಡಿ. ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳನ್ನು ಮುರಿದುಬಿಡಿ, ಆಗ ಕೈತಪ್ಪಿ ಕೆಂಪು ಗುಂಡಿ ಒತ್ತಿದರೂ ಹಳೆಯದು ಅಳಿಸಿಹೋಗುವುದಿಲ್ಲ. ಯಂತ್ರದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಲು ಬಿಡಿ. 90 ನಿಮಿಷದ ಕ್ಯಾಸೆಟ್ಟಿನ ಪಟ್ಟಿ 60 ನಿಮಿಷದ್ದಕ್ಕಿಂತ ತೆಳು, 120ರದ್ದು ಇನ್ನೂ ತೆಳು, ಬೇಗ ಸಿಕ್ಕಿಹಾಕಿಕೊಳ್ಳುತ್ತದೆ. ಅವನ್ನು ಹಿಂದೆ ಮುಂದೆ ಓಡಿಸದೆ, ಒಂದೇ ಸಲಕ್ಕೆ ಇಳಿಸಿಕೊಳ್ಳುವುದು ಮೇಲು. ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು ಸಾಕು. ಗಂಟೆಯ ಕ್ಯಾಸೆಟ್ಟಿಗೆ ಗಂಟೆಯೇ ಹಿಡಿಯುತ್ತದೆ, ಅವಸರಕ್ಕೆ ದಾರಿಯಿಲ್ಲ.

ಇಷ್ಟೆಲ್ಲ ಹುಡುಗರು ಮಾಡಬಲ್ಲರು. ಆದರೆ ಕೇಳಿಬಂದ ದನಿ ಯಾರದೆಂದು ಹುಡುಗರಿಗೆ ಗೊತ್ತಿಲ್ಲ. "ಇದು ದೊಡ್ಡ ಬುದ್ಧಿಯವರ ದನಿ, ನಡುವೆ ಪ್ರಶ್ನೆ ಕೇಳಿದವರು ನಮ್ಮ ಕಾಕಾ" ಎನ್ನಬಲ್ಲವರು 80 ದಾಟಿದವರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕ್ಯಾಸೆಟ್ ಓಡಿಸಿ. ಅವರು ಹೇಳಿದ ಹೆಸರು, ಊರು, ವರುಷ ಅಲ್ಲೇ ಬರೆದಿಡಿ. ಮುಂದಿನ ಗೋಷ್ಠಿಗೆ ಬರುವಾಗ ಅಟ್ಟದ ಮೇಲಿನ ಪೆಟ್ಟಿಗೆ ತನ್ನಿ, ಜೊತೆಗೆ ಮನೆಯ ಹಿರಿಯರನ್ನೂ ಕರೆತನ್ನಿ. ಯಂತ್ರ ನಾನು ತರುತ್ತೇನೆ.