ನೋಡುವುದನ್ನೂ ಕಲಿಯಬೇಕು

(ಸಂಘದ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)

 

ನಮ್ಮ ಊರುಗಳಿಂದ ಹೊರದೇಶಕ್ಕೆ ಹೋಗಿ ಬರುವವರು ಈಗ ಕಡಿಮೆಯೇನಿಲ್ಲ. ಒಬ್ಬರ ಅಣ್ಣ ದೋಹಾದಲ್ಲಿ, ಇನ್ನೊಬ್ಬರ ಅಳಿಯ ದುಬೈಯಲ್ಲಿ. ಹೋಗಿ ಬಂದವರನ್ನು ನಾವು ಮೊದಲು ಕೇಳುವ ಪ್ರಶ್ನೆ ಯಾವುದು? "ಏನು ತಂದಿರಿ?" ಚಾಕೊಲೇಟ್, ಅತ್ತರು, ಮೊಬೈಲ್ ಎಂದು ಪಟ್ಟಿ ಬೆಳೆಯುತ್ತದೆ. "ಏನು ನೋಡಿದಿರಿ?" ಎಂದು ಕೇಳುವವರು ಅಪರೂಪ. ಇಂದು ಆ ಎರಡನೆಯ ಪ್ರಶ್ನೆಯ ಬಗ್ಗೆ ಎರಡು ಮಾತು ಹೇಳಬೇಕೆಂದಿದ್ದೇನೆ. ನಾನು ಮಾಡಿದ ತಪ್ಪಿನಿಂದಲೇ ಆರಂಭಿಸುತ್ತೇನೆ.

2019ರ ಬೇಸಿಗೆ ರಜೆಯಲ್ಲಿ ಲಂಡನ್ನಿನಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ಮೊದಲ ವಾರದಲ್ಲೇ ಬ್ರಿಟಿಷ್ ಮ್ಯೂಸಿಯಂ ನೋಡಲು ಹೊರಟೆ. ಟಿಕೆಟ್ ಎಷ್ಟೋ ಎಂಬ ಅಂಜಿಕೆಯಿಂದ ಪರ್ಸ್ ಹಿಡಿದುಕೊಂಡೇ ಬಾಗಿಲಿಗೆ ಹೋದರೆ ಅಲ್ಲಿ ಪ್ರವೇಶ ಉಚಿತ. ಅಲ್ಲಿರುವ ವಸ್ತುಗಳ ಸಂಖ್ಯೆ ಸುಮಾರು 80 ಲಕ್ಷ. ಪ್ರದರ್ಶನಕ್ಕೆ ಇಟ್ಟಿರುವುದು ಅದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ, ಅಂದರೆ ಸುಮಾರು 80 ಸಾವಿರ. ಅದನ್ನೆಲ್ಲ ನಾನು ಮೂರು ಗಂಟೆಯಲ್ಲಿ ನೋಡಿ ಮುಗಿಸಲು ಹೊರಟಿದ್ದೆ! ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಿದೆ, ಕಂಡದ್ದಕ್ಕೆಲ್ಲ ಫೋಟೋ ಹೊಡೆದೆ. ಕಾಲು ನೋವು, ತಲೆನೋವು ಎರಡನ್ನೂ ಹೊತ್ತುಕೊಂಡು ಮನೆಗೆ ಬಂದೆ.

ರಾತ್ರಿ ಊಟದ ಹೊತ್ತಿಗೆ ತಂಗಿಯ ಹತ್ತು ವರ್ಷದ ಮಗಳು ಕೇಳಿದಳು: "ಖಾಲಾ, ಇವತ್ತು ನಿಮಗೆ ಯಾವುದು ಇಷ್ಟ ಆಯ್ತು?" ನನಗೆ ಉತ್ತರ ಹೊಳೆಯಲಿಲ್ಲ. ಫೋನ್ ತೆಗೆದು ಫೋಟೋಗಳನ್ನು ಸರಿಸುತ್ತಾ ಕುಳಿತೆ. ಎಷ್ಟೋ ವಸ್ತುಗಳು ಏನೆಂದೇ ತಿಳಿಯಲಿಲ್ಲ. ಪಾಠ ಓದದೆ ಬರೀ ಪುಟ ತಿರುಗಿಸುವ ಮಕ್ಕಳನ್ನು ತರಗತಿಯಲ್ಲಿ ಗದರಿಸುವವಳು ನಾನು. ಅಂದು ನಾನು ಮಾಡಿದ್ದು ಅದೇ ಕೆಲಸವಲ್ಲವೇ?

ಮರುವಾರ ಆ ಹುಡುಗಿಯನ್ನೇ ಜೊತೆಗೆ ಕರೆದುಕೊಂಡು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋದೆ. ಅಲ್ಲಿಯೂ ಪ್ರವೇಶ ಉಚಿತ. ಈ ಸಲ ಒಂದು ತೀರ್ಮಾನ ಮಾಡಿಕೊಂಡೆವು. ಇಡೀ ದಿನದಲ್ಲಿ ನೋಡುವುದು ಎರಡೇ ವಸ್ತು.

ಮೊದಲನೆಯದು ಆರ್ದಬೀಲ್ ರತ್ನಗಂಬಳಿ. ಇರಾನಿನ ಆರ್ದಬೀಲ್ ಪಟ್ಟಣದಲ್ಲಿ ಶೇಖ್ ಸಫೀಯುದ್ದೀನರ ದರ್ಗಾ ಇದೆ. ಆ ದರ್ಗಾದಲ್ಲಿದ್ದ ಗಂಬಳಿ ಇದು. ಉದ್ದ ಹತ್ತೂವರೆ ಮೀಟರ್, ಅಗಲ ಐದು ಮೀಟರಿಗೂ ಹೆಚ್ಚು. 1893ರಲ್ಲಿ ಈ ಮ್ಯೂಸಿಯಂ ಇದನ್ನು 2000 ಪೌಂಡಿಗೆ ಕೊಂಡಿತು. ಬಹಳ ಕಾಲ ಗೋಡೆಗೆ ತೂಗುಹಾಕಿದ್ದರು. 2006ರಲ್ಲಿ ಜಮೀಲ್ ಗ್ಯಾಲರಿ ತೆರೆದಾಗ, ಹಾಸುವ ವಸ್ತುವನ್ನು ಹಾಸಿಯೇ ತೋರಿಸಬೇಕೆಂದು ಕೆಳಗೆ ಹಾಸಿ ಸುತ್ತಲೂ ಗಾಜು ಕಟ್ಟಿದರು. ಬೆಳಕು ಹೆಚ್ಚಾದರೆ ಬಣ್ಣ ಮಾಸುತ್ತದೆ. ಆದ್ದರಿಂದ ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ಪೂರ್ಣ ದೀಪ ಹಾಕುತ್ತಾರೆ. ಉಳಿದ ಹೊತ್ತು ಮಬ್ಬು. ನಾವು ಕಾದೆವು. ಆ ಕಾಯುವಿಕೆಯೇ ನನಗೆ ಮೊದಲ ಪಾಠವಾಯಿತು.

ದೀಪ ಬಂದಾಗ ಹುಡುಗಿ ಗಂಬಳಿಯ ಮೇಲೆ ನೇಯ್ದ ಎರಡು ದೀಪಗಳ ಚಿತ್ರ ತೋರಿಸಿ, "ಖಾಲಾ, ಒಂದು ದೊಡ್ಡದು, ಒಂದು ಚಿಕ್ಕದು. ನೇಯ್ದವರು ತಪ್ಪು ಮಾಡಿದ್ದಾರೆ!" ಎಂದಳು. ಇದರ ಬಗ್ಗೆ ವಿದ್ವಾಂಸರಲ್ಲೂ ಚರ್ಚೆಯಿದೆ. ಚಿಕ್ಕ ದೀಪದ ಬಳಿ ಕುಳಿತವರಿಗೆ ಎರಡೂ ಸಮನಾಗಿ ಕಾಣಲೆಂದು ಹೀಗೆ ಮಾಡಿದರು ಎನ್ನುತ್ತಾರೆ ಕೆಲವರು. ಪರಿಪೂರ್ಣತೆ ಅಲ್ಲಾಹನಿಗೆ ಮಾತ್ರ ಸಲ್ಲುವುದೆಂದು ಬೇಕೆಂದೇ ಬಿಟ್ಟ ಕೊರತೆ ಎನ್ನುತ್ತಾರೆ ಇನ್ನು ಕೆಲವರು. ಹತ್ತು ವರ್ಷದ ಮಗು ಹತ್ತು ನಿಮಿಷ ನಿಂತು ನೋಡಿ ವಿದ್ವಾಂಸರ ಪ್ರಶ್ನೆಯನ್ನೇ ಹಿಡಿದಿತ್ತು.

ಗಂಬಳಿಯ ಒಂದು ತುದಿಯಲ್ಲಿ ಚಿಕ್ಕ ಚೌಕಟ್ಟಿನೊಳಗೆ ಬರಹವಿದೆ. ಭಾಷೆ ಫಾರಸಿ. ಮೊದಲ ಸಾಲುಗಳು ಹಾಫಿಜ್ ಕವಿಯವು. ಆಮೇಲೆ ಕೆಲಸ ಮಾಡಿಸಿದವರ ಹೆಸರು, ಇಸವಿ. ನಾನು ಬಗ್ಗಿ ನೋಡುತ್ತಾ ಓದಿದೆ: ಅಮಲ್... ಬಂದಾ... ದರ್ಗಾಹ್... ಮಕ್ಸೂದ್ ಕಾಶಾನಿ... ಸನಾ 946. ಅದು ಹಿಜರಿ ವರ್ಷ, ಕ್ರಿ.ಶ. 1539-40. ವಿದ್ಯಾರ್ಥಿಗಳೇ, ನಾನು ಫಾರಸಿ ಕಲಿತವಳಲ್ಲ. ಆದರೆ ಇದರಲ್ಲಿ ನಮಗೆ ಗೊತ್ತಿಲ್ಲದ ಪದ ಯಾವುದಿದೆ? ಅಮಲ್, ಬಂದಾ, ದರ್ಗಾ, ಸನ್ ಇವೆಲ್ಲ ನಮ್ಮ ಮನೆಯ ಉರ್ದು. ಕನ್ನಡದ 'ಅಮಲ್ದಾರ'ನಲ್ಲೂ ಅದೇ ಅಮಲ್ ಇದೆ. ಸುತ್ತ ನಿಂತವರು ಪಕ್ಕದ ಫಲಕ ನೋಡಿ ತಿಳಿದುಕೊಳ್ಳುತ್ತಿದ್ದರು. ನಾನು ಗಂಬಳಿಯಿಂದಲೇ ಓದಿದೆ. ಸಣ್ಣ ಶಾಲೆಯಲ್ಲಿ ಉರ್ದು ಕಲಿಸುವವಳು ಎಂದು ಹೇಳಿಕೊಳ್ಳಲು ನನಗೆ ಹಿಂದೆ ಸ್ವಲ್ಪ ಸಂಕೋಚವಿತ್ತು. ಅಂದು ಅದು ಹೋಯಿತು. "ನನಗೂ ಈ ಅಕ್ಷರ ಕಲಿಸಿ ಖಾಲಾ" ಎಂದು ಹುಡುಗಿ ಕೇಳಿದಳು. ಅಂದು ಸಂಜೆಯೇ ಅಲಿಫ್, ಬೇ ಶುರುವಾಯಿತು.

ಎರಡನೆಯ ವಸ್ತು ನಿಮಗೆಲ್ಲ ಗೊತ್ತಿರುವುದೇ, ಟಿಪ್ಪುವಿನ ಹುಲಿ. ಬಣ್ಣ ಬಳಿದ ಮರದ ಹುಲಿ ಒಬ್ಬ ಯುರೋಪಿಯನ್ ಸಿಪಾಯಿಯ ಮೇಲೆ ಎರಗಿದೆ. ಹುಲಿಯ ಹೊಟ್ಟೆಯೊಳಗೆ ಆರ್ಗನ್ ವಾದ್ಯ ಇದೆ. ಹಿಡಿ ತಿರುಗಿಸಿದರೆ ಹುಲಿಯ ಗರ್ಜನೆ, ಸಿಪಾಯಿಯ ನರಳಾಟ ಕೇಳುವಂತೆ, ಅವನ ಕೈ ಏಳುವಂತೆ ಮಾಡಿದ್ದಾರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಇದು ಕಂಪನಿಯವರ ಕೈ ಸೇರಿ ಲಂಡನ್ನಿಗೆ ಹೋಯಿತು.

"ಇದು ನಿಮ್ಮ ಊರಿನದಲ್ವಾ, ಇಲ್ಲಿ ಯಾಕಿದೆ?" ಎಂದಳು ಹುಡುಗಿ. ಯುದ್ಧದಲ್ಲಿ ಗೆದ್ದವರು ತಂದರು ಎಂದು ಉಳ್ಳದ್ದನ್ನು ಉಳ್ಳಂತೆ ಹೇಳಿದೆ. ಮನಸ್ಸಿಗೆ ನೋವಾದದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ನಾಚಿಕೆಯೊಂದು ನನ್ನೊಳಗೇ ಇತ್ತು.

ಅದನ್ನೂ ಹೇಳಿಬಿಡುತ್ತೇನೆ. ಶಾಲಾ ಪ್ರವಾಸದಲ್ಲಿ ಎರಡು ಸಲ ಮಕ್ಕಳನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಕರೆದುಕೊಂಡು ಹೋದವಳು ನಾನು. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಹೈದರ್ ಅಲಿ, ಟಿಪ್ಪು ಇಬ್ಬರೂ ಕಂಪನಿ ಸೇನೆಯನ್ನು ಸೋಲಿಸಿದ ಯುದ್ಧ ಅದು. ಎರಡು ಸಲವೂ ನಾನು ಹೇಳಿದ್ದು ಒಂದೇ ಮಾತು: "ಬೇಗ ಬೇಗ, ಬಸ್ ಕಾಯ್ತಾ ಇದೆ." ಇಲ್ಲಿ ಉಳಿದಿರುವುದನ್ನು ನೋಡದವರು, ಅಲ್ಲಿಗೆ ಹೋದದ್ದಕ್ಕಾಗಿ ಮಾತ್ರ ಅತ್ತರೆ ಏನು ಪ್ರಯೋಜನ?

ಕೊರೊನಾ ಮುಗಿದು ಪ್ರವಾಸಗಳು ಮತ್ತೆ ಶುರುವಾದಾಗ ಮಕ್ಕಳನ್ನು ಮತ್ತೆ ಅಲ್ಲಿಗೆ ಕರೆದೊಯ್ದೆ. ಪ್ರತಿಯೊಬ್ಬರೂ ಗೋಡೆಯ ಮೇಲಿನ ಒಂದೇ ಆಕೃತಿ ಆರಿಸಿಕೊಂಡು ಹದಿನೈದು ನಿಮಿಷ ನೋಡಿ, ನಾಲ್ಕು ಸಾಲು ಬರೆಯಬೇಕು ಎಂದೆ. ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮಿಸ್, ಇಷ್ಟು ದೊಡ್ಡ ಯುದ್ಧದ ನಡುವೆ ಈ ಒಬ್ಬರು ಯಾಕೆ ಪಲ್ಲಕ್ಕಿಯಲ್ಲಿ ಕೂತಿದ್ದಾರೆ?" ಅದು ಗಾಯಗೊಂಡ ಕರ್ನಲ್ ಬೇಯ್ಲಿ. ಆ ಒಂದು ಪ್ರಶ್ನೆಯಿಂದ ಅಂದಿನ ಇತಿಹಾಸ ಪಾಠವೇ ಆಯಿತು.

ಮುಂದೆ ಓದಿಗೋ, ದುಡಿಮೆಗೋ ನೀವೂ ಹೊರದೇಶಕ್ಕೆ ಹೋಗುವಿರಿ, ಇನ್‌ಶಾ ಅಲ್ಲಾಹ್. ಆಗ ಈ ಕೆಲವು ಮಾತು ನೆನಪಿರಲಿ.

ಒಂದು, ಒಂದು ದಿನಕ್ಕೆ ಒಂದು ಗ್ಯಾಲರಿ ಸಾಕು. ಯಾವುದು ತೆರೆದಿದೆ, ಯಾವುದು ದುರಸ್ತಿಯಲ್ಲಿದೆ ಎಂದು ಮೊದಲೇ ವಿಚಾರಿಸಿ.

ಎರಡು, ಮೊದಲು ವಸ್ತುವನ್ನು ನೋಡಿ, ಆಮೇಲೆ ಫಲಕ ಓದಿ, ಮತ್ತೆ ವಸ್ತುವನ್ನು ನೋಡಿ. ಫೋಟೋ ಕೊನೆಗಿರಲಿ.

ಮೂರು, ಸಣ್ಣ ನೋಟ್‌ಬುಕ್, ಪೆನ್ಸಿಲ್ ಜೊತೆಗಿರಲಿ. ಬರೆದದ್ದು ಮರೆಯುವುದಿಲ್ಲ.

ನಾಲ್ಕು, ದೊಡ್ಡ ಕಟ್ಟಡ ನೋಡಿ ಹಿಂಜರಿಯಬೇಡಿ. ನಿಮ್ಮ ಉಡುಪು, ನಿಮ್ಮ ಇಂಗ್ಲಿಷ್ ಅಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ.

ಕೊಲ್ಲಿ ದೇಶಗಳಿಗೆ ಹೋಗುವವರಿಗೆ 2008ರಲ್ಲಿ ತೆರೆದ ದೋಹಾದ ಇಸ್ಲಾಮಿಕ್ ಕಲಾ ಮ್ಯೂಸಿಯಂ ಇದೆ, 2017ರಲ್ಲಿ ತೆರೆದ ಅಬುಧಾಬಿಯ ಲೂವ್ರ್ ಇದೆ. ಒಂದು ಶುಕ್ರವಾರದ ಮಾಲ್ ಸುತ್ತಾಟ ಬಿಟ್ಟರೆ ಸಾಕು. ಎಲ್ಲಿಗೂ ಹೋಗಲಾಗದವರಿಗೆ ಹೈದರಾಬಾದಿನ ಸಾಲಾರ್ ಜಂಗ್ ಇದೆ, ನಮ್ಮದೇ ದರಿಯಾ ದೌಲತ್ ಇದೆ.

ಉರ್ದು, ಕನ್ನಡ ಎರಡನ್ನೂ ಚೆನ್ನಾಗಿ ಓದಲು ಕಲಿಯಿರಿ. ಯಾವ ದೇಶದ ಯಾವ ಗಾಜಿನ ಪೆಟ್ಟಿಗೆಯಲ್ಲಿ ನಿಮಗೆ ಗೊತ್ತಿರುವ ಅಕ್ಷರ ಕಾಯುತ್ತಿದೆಯೋ ಯಾರಿಗೆ ಗೊತ್ತು? ಮುಂದೆ ಯಾರಾದರೂ ಪ್ರವಾಸದಿಂದ ಬಂದರೆ "ಏನು ತಂದಿರಿ?" ಎನ್ನುವ ಮೊದಲು "ಏನು ನೋಡಿದಿರಿ?" ಎಂದು ಕೇಳಿ.