ಅಜ್ಜಿಯ ಕೋಳಿ, ಹುಡುಗರ ಚಿತ್ರ

ಸಿನಿಮಾ ನೋಡುವುದು ಸುಲಭ. ಮಾಡುವುದು ಎಷ್ಟು ಕಷ್ಟವೆಂಬುದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. 2024ರ ಡಿಸೆಂಬರಿನಲ್ಲಿ ಪಣಂಬೂರಿನ ಕಡಲತೀರದಲ್ಲಿ ನಾಲ್ವರು ವಿದ್ಯಾರ್ಥಿಗಳು ತಮ್ಮ ಪಾಠದ ಅಂಗವಾಗಿ ಕಿರುಚಿತ್ರವೊಂದನ್ನು ತೆಗೆದರು. ಮುದುಕನ ಪಾತ್ರಕ್ಕೆ ಮುದುಕನೇ ಬೇಕೆಂದು ನನ್ನನ್ನು ಕರೆದರು. ನಿವೃತ್ತ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೆ?

ಅವರಿಗೆ ಹುಮ್ಮಸ್ಸು ತಂದದ್ದು ಅದೇ ವರ್ಷದ ಮೇ ತಿಂಗಳ ಒಂದು ಸುದ್ದಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಯುತ್ತಿದ್ದಾಗ ಚಿದಾನಂದ ಎಸ್. ನಾಯ್ಕ್ ಮಾಡಿದ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಪ್ರಥಮ ಬಹುಮಾನ ಗಳಿಸಿತ್ತು. ಬಂದಿದ್ದ 2,263 ಚಿತ್ರಗಳಲ್ಲಿ ಆಯ್ಕೆಯಾದವು 18. ಹದಿನಾರು ನಿಮಿಷದ ಈ ಚಿತ್ರವನ್ನು ತೆಗೆಯಲು ದೊರೆತದ್ದು ನಾಲ್ಕೇ ದಿನ. ಅದರ ಬೇರು ನಾವೆಲ್ಲ ಬಾಲ್ಯದಲ್ಲಿ ಕೇಳಿದ ಕಥೆಯಲ್ಲಿದೆ: ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುತ್ತದೆಂದು ನಂಬಿದ ಅಜ್ಜಿಯ ಕಥೆ. ಮುನಿದ ಅಜ್ಜಿ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಊರು ಬಿಟ್ಟಳು. ಬೆಳಗು ಮಾತ್ರ ಎಂದಿನಂತೆ ಆಯಿತು. ನಾಯ್ಕ್ ಅವರ ಚಿತ್ರದಲ್ಲಾದರೋ ಕೋಳಿ ಹೋದ ಮೇಲೆ ಊರಿಗೆ ಕತ್ತಲೆಯೇ ಕವಿಯುತ್ತದೆ. ನಾವು ನಕ್ಕ ಅಜ್ಜಿಯ ಮಾತನ್ನು ಆ ಯುವಕ ನಿಜವೆಂದು ಹಿಡಿದರು.

ಈ ದಾರಿ ಕನ್ನಡಕ್ಕೆ ಹೊಸದಲ್ಲ. ಮಣಿಪಾಲದಲ್ಲಿ ಔಷಧ ವಿಜ್ಞಾನ ಓದಿ ಅದೇ ಪುಣೆಗೆ ಹೋದ ಗಿರೀಶ ಕಾಸರವಳ್ಳಿಯವರ ವಿದ್ಯಾರ್ಥಿ ಚಿತ್ರ ‘ಅವಶೇಷ’ 1975ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದಿತ್ತು. ಎರಡೇ ವರ್ಷಗಳಲ್ಲಿ ‘ಘಟಶ್ರಾದ್ಧ’ ಬಂದಿತು.

ನಮ್ಮ ಹುಡುಗರು ಹಿಡಿದದ್ದು ತಮ್ಮ ಕಾಲಡಿಯ ಕಥೆಯನ್ನು. ಪಣಂಬೂರು 1974ರಲ್ಲಿ ದೇಶದ ಒಂಬತ್ತನೆಯ ಮಹಾಬಂದರಾಯಿತು. ಅದಕ್ಕಾಗಿ ಮನೆ ಬಿಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆಸಿದರು. ಅಂಥವನೊಬ್ಬ ತನ್ನ ಮನೆಯ ಜಾಗವನ್ನು ಹುಡುಕುತ್ತ ಕಡಲಿಗೆ ಬರುತ್ತಾನೆ, ಅಷ್ಟೇ ಕಥೆ. ಅವನಿಗೆ ಮಾತು ಸಾಲದೆಂದು ನನಗೆ ತೋರಿತು. ರಾತ್ರಿಯೆಲ್ಲ ಕುಳಿತು ಎರಡು ಪುಟದ ಸಂಭಾಷಣೆ ಬರೆದೆ.

ಇದ್ದದ್ದು ಮೂರು ಸಂಜೆ. ಮೊದಲನೆಯದು ನನ್ನ ಸಲಹೆಗಳಲ್ಲೇ ಮುಳುಗಿತು, ಸೂರ್ಯನೂ ಮುಳುಗಿದ. ಎರಡನೆಯ ಸಂಜೆ ಕ್ಯಾಮೆರಾ ಇಟ್ಟ ಕಡೆಗೇ ಗಾಳಿಪಟದ ಮಕ್ಕಳು ನುಗ್ಗಿದರು. ಮೂರನೆಯ ಸಂಜೆ ನಾನು ಎರಡು ಪುಟವನ್ನೂ ತಪ್ಪಿಲ್ಲದೆ ಒಪ್ಪಿಸಿದೆ. ಚಿತ್ರ ಉಳಿದದ್ದು ನನ್ನಿಂದಲೇ ಎಂದುಕೊಂಡು ಮನೆಗೆ ನಡೆದೆ.

ಸಂಕಲನದಲ್ಲಿ ನನ್ನ ಮಾತು ಒಂದೂ ಉಳಿಯಲಿಲ್ಲ. ಮುಖವೂ ಇಲ್ಲ. ಬೆನ್ನು ಮಾತ್ರ, ಎದುರಿಗೆ ಬಂದರಿನ ದೀಪಗಳು, ಮರಳಿನಲ್ಲಿ ಹೆಜ್ಜೆ, ಹೆಜ್ಜೆಯಲ್ಲಿ ತುಂಬುವ ನೀರು. ಧ್ವನಿ ಹಿಡಿದಿದ್ದ ಹುಡುಗಿ ಮೆಲ್ಲನೆ ಹೇಳಿದಳು: “ಮಾಸ್ಟ್ರೇ, ನೀವು ಮಾತಾಡುವಾಗ ಕಡಲು ಕೇಳಿಸುವುದಿಲ್ಲ.”

ವಾರವೊಂದು ನಾನು ಅವರೊಡನೆ ಮಾತಾಡಲಿಲ್ಲ. ಕೊನೆಗೆ ಚಿತ್ರವನ್ನು ಕಾಟಿಪಳ್ಳದ ಒಂದು ಮನೆಯಂಗಳದಲ್ಲಿ ತೋರಿಸಿದರು. ಹೆಜ್ಜೆಗೆ ನೀರು ತುಂಬುತ್ತಿದ್ದಾಗ ಮುದುಕಿಯೊಬ್ಬಳು ಎದ್ದು ನಿಂತಳು. ಪರದೆಯ ಬಲಬದಿಗೆ ಕೈ ತೋರಿಸಿ, “ಅಗೋ, ಆಚೆಗೆ ನಮ್ಮ ಬಾವಿ ಇತ್ತು” ಎಂದಳು. ಪಕ್ಕದವರು ತಮ್ಮ ತೆಂಗಿನ ಮರಗಳನ್ನು ನೆನೆದರು. ನಾನು ಎರಡು ಪುಟದಲ್ಲಿ ಹೇಳಹೊರಟಿದ್ದನ್ನು ಅವರೇ ಹೇಳಿಕೊಂಡರು. ನನ್ನ ಮಾತು ಉಳಿದಿದ್ದರೆ ಅವರಿಗೆ ಮಾತಾಡಲು ತೆರಪೇ ಇರುತ್ತಿರಲಿಲ್ಲ.

ಅಂದು ಆ ಅಂಗಳದ ಹಿಂದಿನ ಸಾಲಿನಲ್ಲಿ ಕುಳಿತು ನಾನು ಕಥೆಯ ಅಜ್ಜಿಯನ್ನು ನೆನೆದೆ. ನನ್ನ ಕೋಳಿ ಕೂಗಿರಲಿಲ್ಲ. ಬೆಳಗಾಗಿತ್ತು.