ಬೇಡುವುದೆಂದರೆ ಅರಸುವುದು
(ಶತಮಾನೋತ್ಸವದ ಸಂದರ್ಭದಲ್ಲಿ ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ನೂರು ವರ್ಷಗಳಿಂದ ಈ ದೇವಾಲಯದಲ್ಲಿ ನಮ್ಮ ಹಿರಿಯರೂ ನಾವೂ ಮಾಡುತ್ತ ಬಂದ ಕಾರ್ಯ ಯಾವುದೆಂದು ಕೇಳಿದರೆ, ಬೇಡುವುದು ಎಂದೇ ಉತ್ತರಿಸಬೇಕು. ಗದ್ದೆಗೆ ಮಳೆಯನ್ನು ಬೇಡಿದೆವು. ಕಡಲಿಗಿಳಿದವರು ಕ್ಷೇಮವಾಗಿ ದಡ ಸೇರಲೆಂದು ಬೇಡಿದೆವು. ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ದುಡಿಯಲು ಹೋದ ಮಕ್ಕಳಿಗಾಗಿ ಬೇಡಿದೆವು. ಆದುದರಿಂದ ಆ ಕ್ರಿಯಾಪದದ ಅರ್ಥವನ್ನೇ ಇಂದು ಸ್ವಲ್ಪ ವಿಚಾರಿಸುವುದು ಉಚಿತವೆಂದು ಭಾವಿಸುತ್ತೇವೆ.

ಇಂಗ್ಲಿಷಿನಲ್ಲಿ ‘ಬಿಸೀಚ್’ ಎಂಬ ಪದವೊಂದುಂಟು. ದಿನಬಳಕೆಯ ಮಾತಿನಲ್ಲಿ ಅದು ಅಪರೂಪ. ಹಳೆಯ ಪ್ರಾರ್ಥನಾ ಮಾಲೆಗಳಲ್ಲಿ ಉಳಿದುಕೊಂಡಿದೆ. ‘ಆಸ್ಕ್’ ಎಂದರೆ ಬರಿದೆ ಕೇಳುವುದು. ದಾರಿಯನ್ನೂ ಕೇಳಬಹುದು, ಮೀನಿನ ಬೆಲೆಯನ್ನೂ ಕೇಳಬಹುದು. ‘ಬಿಸೀಚ್’ ಎಂದರೆ ಹಕ್ಕು ಸಾಧಿಸದೆ, ಕೊಡಬಲ್ಲವನ ಮುಂದೆ ನಿಂತು, ಮನಸಾರೆ ಅಂಗಲಾಚುವುದು. ಅದರ ಮೂಲವಾದರೋ ಕುತೂಹಲಕರ. ಹುಡುಕುವುದು ಎಂಬರ್ಥದ ‘ಸೀಕ್’ ಎಂಬ ಪದಕ್ಕೂ ಇದಕ್ಕೂ ಧಾತು ಒಂದೇ. ‘ಬಿ’ ಎಂಬ ಉಪಸರ್ಗ ಸೇರಿ ಅರ್ಥಕ್ಕೆ ತೀವ್ರತೆ ಬಂದಿತು. ಭೂತಕಾಲದಲ್ಲಿ ‘ಸಾಟ್’, ‘ಬಿಸಾಟ್’ ಎಂದು ನುಡಿದಾಗ ಇವೆರಡೂ ಒಂದೇ ತಾಯಿಯ ಮಕ್ಕಳೆಂಬುದು ಕಿವಿಗೇ ತಿಳಿಯುತ್ತದೆ.

ನಮ್ಮ ಮನೆಮಾತಾದ ಕೊಂಕಣಿಯಲ್ಲಿ ಪ್ರಾರ್ಥನೆಗೆ ‘ಮಾಗ್ಣೆ’ ಎನ್ನುತ್ತೇವೆ. ಇದು ಮರಾಠಿಯ ‘ಮಾಗಣೆ’, ಹಿಂದಿಯ ‘ಮಾಂಗನಾ’ ಪದಗಳ ಬಂಧು. ಇವೆಲ್ಲದರ ಮೂಲ ಸಂಸ್ಕೃತದ ‘ಮಾರ್ಗ್’ ಧಾತು. ಅದರ ಅರ್ಥವೂ ಅರಸುವುದು ಎಂದೇ! ಎಲ್ಲಿಯ ಇಂಗ್ಲೆಂಡ್, ಎಲ್ಲಿಯ ಕುಂದಾಪುರ! ಆದರೂ ಎರಡು ನಾಡುಗಳ ಜನರೂ ಬೇಡುವವನನ್ನು ಹುಡುಕುವವನಾಗಿಯೇ ಕಂಡರು.

ಕನ್ನಡದ ‘ಬೇಡು’ ಇನ್ನೊಂದು ಸತ್ಯವನ್ನು ಹೇಳುತ್ತದೆ. ‘ಬೇಕು’, ‘ಬೇಡ’, ಬಯಕೆ ಎಂಬರ್ಥದ ಹಳೆಯ ‘ಬೇಟ’, ತಮಿಳಿನ ‘ವೇಂಡು’ ಇವೆಲ್ಲ ಅದರ ಬಳಗ. ತನಗೇನು ಬೇಕೆಂದು ಅರಿಯದವನು ಬೇಡಲಾರನು. ಬೇಕಾದುದನ್ನು ಅರಸದವನ ಬೇಡಿಕೆ ಬಾಯಿಮಾತಾಗುತ್ತದೆ. ಪ್ರಭು ಯೇಸುವೂ ಬೇಡುವುದು, ಹುಡುಕುವುದು, ಬಾಗಿಲು ತಟ್ಟುವುದು ಈ ಮೂರನ್ನು ಜೊತೆಯಾಗಿಯೇ ಬೋಧಿಸಿದರಲ್ಲವೇ?

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಪ್ರಕಟಿಸಿದ ಆರಾಧನಾ ವಿಧಿಯ ಸಂವಿಧಾನವು, ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಯನ್ನು ಪುನಃ ಸ್ಥಾಪಿಸಿತು. ಧರ್ಮಸಭೆಗಾಗಿ, ಆಳುವವರಿಗಾಗಿ, ಕಷ್ಟದಲ್ಲಿರುವವರಿಗಾಗಿ, ಲೋಕದ ಉದ್ಧಾರಕ್ಕಾಗಿ ಜನರೇ ಬೇಡಬೇಕೆಂಬುದು ಅದರ ಆಶಯ. ಅಂತೆಯೇ ಪ್ರತಿ ಭಾನುವಾರ ಚೀಟಿಯಲ್ಲಿ ಬರೆದುದನ್ನು ಓದುತ್ತೇವೆ, ಒಕ್ಕೊರಲಿನಿಂದ ಉತ್ತರಿಸುತ್ತೇವೆ, ಮನೆಗೆ ತೆರಳುತ್ತೇವೆ.

ಇಲ್ಲಿ ನಮ್ಮದೇ ಲೋಪವೊಂದನ್ನು ನಿವೇದಿಸಿಕೊಳ್ಳಬೇಕು. ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಕಡೆ ಹಾಸಿಗೆ ಹಿಡಿದ ವೃದ್ಧೆಯೊಬ್ಬರಿಗಾಗಿ ಅನೇಕ ಭಾನುವಾರ ಪ್ರಾರ್ಥಿಸಿದೆವು. ಕಡೆಗೊಮ್ಮೆ ಪರಮಪ್ರಸಾದದೊಡನೆ ಅವರ ಮನೆಗೆ ಹೋದಾಗ ಆ ತಾಯಿ, “ಪೂಜೆಯಲ್ಲಿ ನನ್ನ ಹೆಸರು ಹೇಳುತ್ತೀರೆಂದು ಮಗಳು ತಿಳಿಸಿದಳು, ಫಾದರ್. ಆದರೆ ಇಷ್ಟು ದಿನ ಈ ಬಾಗಿಲಿಗೆ ಯಾರೂ ಬರಲಿಲ್ಲ” ಎಂದರು. ಮನೆ ದೇವಾಲಯದ ಘಂಟೆ ಕೇಳುವಷ್ಟೇ ದೂರದಲ್ಲಿತ್ತು. ನಾವು ಬೇಡಿದ್ದೆವು, ಅರಸಿರಲಿಲ್ಲ. ಅಂದು ತಲೆತಗ್ಗಿಸಿ ನಿಂತುದನ್ನು ಇಂದಿಗೂ ಮರೆತಿಲ್ಲ.

ಪ್ರಿಯರೇ, ಎರಡನೆಯ ಶತಮಾನಕ್ಕೆ ಕಾಲಿಡುವ ಈ ಧರ್ಮಕೇಂದ್ರದಲ್ಲಿ ಬೇಡಿಕೆಗಳಿಗೆ ಕೊರತೆಯಾಗದು. ಯಾರಿಗಾಗಿ ಭಾನುವಾರ ಬೇಡುತ್ತೇವೆಯೋ ಅವರ ಬಾಗಿಲನ್ನು ಮುಂದಿನ ಭಾನುವಾರದೊಳಗೆ ಒಬ್ಬರಾದರೂ ತಟ್ಟಲಿ. ಆಗ ನಮ್ಮ ‘ಮಾಗ್ಣೆ’ಗೆ ಅದರ ಹಳೆಯ ಅರ್ಥ ಮರಳಿ ದೊರೆಯುವುದು. ಆ ಕೃಪೆಯನ್ನು ದಯಾಮಯನಾದ ದೇವರು ನಮಗೆಲ್ಲರಿಗೂ ಕರುಣಿಸಲೆಂದು ಬೇಡುತ್ತೇವೆ.